ತಪ್ಪು ಕೆದಕದೆ, ಚೆನ್ನಾಗಿ ನಡೆದದ್ದನ್ನೇ ಕೇಳುವ ಕೋಚಿಂಗ್ ನಮ್ಮ ಕಡೆಯ ಕಾರ್ಖಾನೆಗಳಲ್ಲಿ ನಡೆಯುತ್ತಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ನೀವು ಬಾಗಲಕೋಟೆ ಜಿಲ್ಲೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಎಚ್‌ಆರ್. ಶಿಫ್ಟ್ ಇನ್‌ಚಾರ್ಜ್‌ಗಳಿಗೆ ಕೋಚಿಂಗ್ ಮಾಡಿ, ಅಂದರೆ ಒಬ್ಬೊಬ್ಬರ ಜೊತೆ ಕೂತು ಪ್ರಶ್ನೆ ಕೇಳಿ ಅವರೇ ದಾರಿ ಕಂಡುಕೊಳ್ಳುವಂತೆ ಮಾಡಿ ಅಂತ ಮೇಲಿನವರು ಹೇಳಿದ್ದಾರೆ. ತರಬೇತಿ ಕೊಡಲು ಬಂದವರು 'ತಪ್ಪು ಬಿಡಿ, ಅವರ ಬಲ ಏನು ಅಂತ ಕೇಳಿ' ಅಂದರು. ಇದು ಸುಮ್ನೆ ಬೆನ್ನು ತಟ್ಟೋದಲ್ವಾ, ನಮ್ಮ ಜನ ನಗೋದಿಲ್ವಾ ಅನ್ನೋದು ನಿಮ್ಮ ಅನುಮಾನ.

ನಗುತ್ತಾರೆ. ನನ್ನನ್ನು ನೋಡಿ ನಕ್ಕಿದ್ದಾರೆ. ಆದರೂ ನಾನು ಈ ದಾರಿ ಬಿಟ್ಟಿಲ್ಲ.

ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳಲ್ಲಿ, ಅಂದರೆ ಮರಳಿನ ಅಚ್ಚಿಗೆ ಕಾದ ಲೋಹ ಹೊಯ್ದು ಎರಕ ತೆಗೆಯುವ ಕಾರ್ಖಾನೆಗಳಲ್ಲಿ, 15 ವರ್ಷ ಕ್ವಾಲಿಟಿ ನೋಡಿಕೊಂಡವನು ನಾನು. ಈಗ ಅಲ್ಲಿನ ಸೂಪರ್‌ವೈಸರ್‌ಗಳಿಗೆ ಕೋಚಿಂಗ್ ಮಾಡುತ್ತೇನೆ. ಕ್ವಾಲಿಟಿಯವನಿಗೆ ಬರೋದು ಒಂದೇ ಪ್ರಶ್ನೆ, 'ಯಾಕೆ?' ಎರಕದಲ್ಲಿ ತೂತು ಬಿದ್ದಿದೆ, ಯಾಕೆ? ಮರಳಿನಲ್ಲಿ ತೇವ ಜಾಸ್ತಿ ಇತ್ತು. ಅದು ಯಾಕೆ? ಹೀಗೆ ಐದು ಸಲ ಕೇಳಿ ಬುಡ ಹಿಡಿಯೋದು ಟೊಯೋಟಾದವರಿಂದ ಎಲ್ಲ ಕಡೆ ಹಬ್ಬಿದ ಪದ್ಧತಿ. ಮರಳಿಗೆ, ಮಷೀನಿಗೆ ಇದು ಚೆನ್ನಾಗಿಯೇ ಒಗ್ಗುತ್ತದೆ. ಮನುಷ್ಯನನ್ನು ಐದು ಸಲ 'ಯಾಕೆ' ಅಂತ ಕೇಳಿ ನೋಡಿ. ಮೂರನೇ ಸಲಕ್ಕೆ ಇನ್ನೊಬ್ಬನ ಹೆಸರು ಹೇಳಿರುತ್ತಾನೆ.

ನಿಮ್ಮ ತರಬೇತುದಾರರು ಹೇಳಿದ್ದರ ಬೇರು ಅಪ್ರಿಶಿಯೇಟಿವ್ ಇನ್‌ಕ್ವೈರಿ ಅನ್ನೋ ವಿಧಾನದಲ್ಲಿದೆ. 1980ರ ಸುಮಾರಿಗೆ ಡೇವಿಡ್ ಕೂಪರ್‌ರೈಡರ್ ಅನ್ನೋ ಸಂಶೋಧನಾ ವಿದ್ಯಾರ್ಥಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ ಡಾಕ್ಟರುಗಳನ್ನು ಮಾತಾಡಿಸುತ್ತಿದ್ದರು. ಗೆದ್ದ ಕತೆ, ಸೋತ ಕತೆ ಎರಡನ್ನೂ ಕೇಳಿದರು. ಕೂತು ಓದಿದಾಗ ಗೆದ್ದ ಕತೆಗಳೇ ಅವರನ್ನು ಹಿಡಿದು ನಿಲ್ಲಿಸಿದವು. ಅದನ್ನೇ ಮುಂದುವರಿಸು ಅಂತ ಗೈಡ್ ಸುರೇಶ್ ಶ್ರೀವಾಸ್ತವ ಬೆನ್ನಿಗೆ ನಿಂತರು. 1987ರಲ್ಲಿ ಇಬ್ಬರೂ ಸೇರಿ ಬರೆದ ಲೇಖನದಿಂದ ಇದು ಹೆಸರಾಯಿತು. ಡಿಸ್ಕವರಿ (ಚೆನ್ನಾಗಿ ನಡೆದದ್ದನ್ನು ಹುಡುಕೋದು), ಡ್ರೀಮ್ (ಮುಂದೇನಾಗಬಹುದು ಅಂತ ಕನಸು ಕಾಣೋದು), ಡಿಸೈನ್ (ಅದಕ್ಕೆ ದಾರಿ ಯೋಜಿಸೋದು), ಡೆಸ್ಟಿನಿ (ಅದನ್ನು ಮಾಡಿ ಉಳಿಸಿಕೊಳ್ಳೋದು) ಅಂತ ನಾಲ್ಕು 'ಡಿ'ಗಳ ಚಕ್ರ ಬರೆದು ತೋರಿಸುತ್ತಾರೆ. ಒಬ್ಬರ ಎದುರು ಕೂತಾಗ ನನ್ನ ಮುಕ್ಕಾಲು ಹೊತ್ತು ಮೊದಲನೇ 'ಡಿ'ಯಲ್ಲೇ ಹೋಗುತ್ತದೆ. ಆ ಚಕ್ರವನ್ನು ದಯವಿಟ್ಟು ಕ್ಯಾಂಟೀನ್ ಗೋಡೆಗೆ ಅಂಟಿಸಬೇಡಿ.

ನಾನು ಕೆಡಿಸಿದ್ದನ್ನೂ ಕೇಳಿ. ಮೊದಲ ಸಲ ಒಬ್ಬ ಮೋಲ್ಡಿಂಗ್ ಸೂಪರ್‌ವೈಸರನ್ನು ಆಫೀಸಿಗೆ ಕರೆಸಿ, ಚಹಾ ತರಿಸಿ, 'ನಿಮ್ಮ ಬಲ ಏನು?' ಅಂದೆ. ಅವರು ಚಹಾ ಮುಟ್ಟಲಿಲ್ಲ. 'ಏನ್ ತಪ್ಪಾಗೇತಿ ಸೀದಾ ಹೇಳ್ರಲ್ಲ ಸರ್' ಅಂದರು. ಆಫೀಸಿನಿಂದ ಸಿಹಿ ಮಾತು ಬಂದರೆ ಹಿಂದೆ ಏನೋ ಇರುತ್ತೆ ಅನ್ನೋದು ಅವರ ಅನುಭವ. ಆಮೇಲೆ ಕೋರ್ (ಎರಕದೊಳಗೆ ಟೊಳ್ಳು ಬಿಡಿಸಲು ಅಚ್ಚಿನಲ್ಲಿ ಇಡುವ ಮರಳಿನ ತುಂಡು) ಒಣಗಿಸುವ ಓವನ್ ರಿಪೇರಿಗೆ ಹೇಳಿ ಹೇಳಿ ಸಾಕಾಗಿದೆ ಅಂತ ಶುರು ಮಾಡಿದರು. ನಾನು ಜಾಣನ ಹಾಗೆ 'ಅದು ಬಿಡ್ರಿ, ಪಾಸಿಟಿವ್ ಮಾತಾಡೋಣ' ಅಂದೆ. ಅಷ್ಟೇ. ಅಲ್ಲಿಂದ ಮುಂದೆ ಅವರಿಂದ ಬಂದದ್ದು 'ಹೌದ್ರಿ ಸರ್' ಒಂದೇ.

ಓವನ್ ಮಾತು ಮುಗಿಯುವ ತನಕ ನಾನು ಕಿವಿ ಕೊಡಬೇಕಿತ್ತು. ಅದರಲ್ಲೇ ಅವರಿಗೆ ಕೆಲಸದ ಮೇಲಿದ್ದ ಕಾಳಜಿ ಕಾಣುತ್ತಿತ್ತು. 'ಬಲ ಏನು' ಅನ್ನೋ ಪ್ರಶ್ನೆಯೂ ಕೆಟ್ಟದ್ದೇ. ನನ್ನನ್ನೇ ಕೇಳಿದರೂ ಬೆಬ್ಬೆಬ್ಬೆ ಅಂತೀನಿ.

ಈಗ ನಾನು ಕೇಳುವುದು ಒಂದು ದಿನದ ಬಗ್ಗೆ. ನಮ್ಮಲ್ಲಿ ಜೂನ್‌ನಿಂದ ಮಳೆ ಹಿಡಿದರೆ ಬಿಡೋದಿಲ್ಲ. ಮರಳಿನ ತೇವ ಹತೋಟಿಗೆ ಸಿಗಲ್ಲ, ಹೊರಗೆ ಇಟ್ಟ ಕೋರ್ ಗಾಳಿಯ ಪಸೆ ಎಳೆದುಕೊಳ್ಳುತ್ತದೆ. ಕಾದ ಲೋಹ ಹೊಯ್ದಾಗ ಆ ಪಸೆ ಆವಿಯಾಗಿ ಎರಕದೊಳಗೆ ತೂತು ಬೀಳುತ್ತದೆ. ಅಂಥ ದಿನಗಳಲ್ಲೂ ಒಬ್ಬರ ಶಿಫ್ಟಿನಲ್ಲಿ ರಿಜೆಕ್ಷನ್ ಕಡಿಮೆ. ಹೇಗೆ ಅಂತ ರಿಜಿಸ್ಟರ್ ತೆಗೆದೆ. ಕೆಟ್ಟ ಪೀಸಿಗೆ ತಾರೀಖು, ಪಾರ್ಟ್ ನಂಬರ್, ಯಾರ ಶಿಫ್ಟು, ಎಲ್ಲ ಇದೆ. ಚೆನ್ನಾಗಿ ನಡೆದ ರಾತ್ರಿಯ ಎದುರು ಒಂದು ಅಡ್ಡಗೆರೆ. ಅಷ್ಟು ವರ್ಷ ನಾನೇ ತುಂಬಿಸಿದ ರಿಜಿಸ್ಟರ್ ಅದು.

ಅವರ ಹತ್ತಿರ ಹೋಗಿ, 'ಈ ಮಳೆಗಾಲದಾಗ ನಿಮಗ ಸಮಾಧಾನ ಆದ ಒಂದ್ ಶಿಫ್ಟ್ ಹೇಳ್ರಿ, ಗೇಟ್ ಒಳಗ ಬಂದಾಗಿಂದ' ಅಂದೆ. 'ನಾ ಏನ್ ಮಾಡೇನ್ರಿ, ದಿನಾ ಮಾಡೂದ ಮಾಡೇನಿ' ಅಂದರು. ಎಲ್ಲರ ಮೊದಲ ಉತ್ತರ ಇದೇ. ಇಲ್ಲಿ 'ವೆರಿ ಗುಡ್' ಅಂದು ಎದ್ದು ಬಂದರೆ ನೀವು ಹೇಳಿದ ಬೆನ್ನು ತಟ್ಟೋ ಕೆಲಸ ಆಗುತ್ತದೆ. ಎಷ್ಟು ಗಂಟೆಗೆ ಬಂದ್ರಿ, ಮೊದಲು ಯಾರನ್ನ ನೋಡಿದ್ರಿ, ಏನಂದ್ರಿ ಅಂತ ಬಿಡದೆ ಕೇಳಿದೆ. 20 ನಿಮಿಷ ಮೊದಲೇ ಬರುತ್ತಾರೆ. ಹಿಂದಿನ ಶಿಫ್ಟಿನವರ ಜೊತೆ ಚಹಾ ಕುಡಿಯುತ್ತಾ 'ಇವತ್ತ ಮರಳ ಹೆಂಗೈತಿ' ಅಂತ ಕೇಳುತ್ತಾರೆ. ಲ್ಯಾಬಿನ ರೀಡಿಂಗ್ ಬರುವ ಮೊದಲೇ ಒಂದು ಮುಷ್ಟಿ ಮರಳು ಹಿಚುಕಿ ನೋಡುತ್ತಾರೆ, ಹೊಸ ಹುಡುಗನ ಕೈಗೂ ಒಂದು ಮುಷ್ಟಿ ಕೊಡುತ್ತಾರೆ. ಕೋರ್‌ಗಳನ್ನು ಒಂದೇ ಸಲ ತರಿಸದೆ ಗಂಟೆಗೆ ಬೇಕಾದಷ್ಟೇ ತರಿಸುತ್ತಾರೆ. ಹುಡುಗನ ಕೈಗೆ ಮರಳು ಕೊಟ್ಟದ್ದು ಲೀಡರ್ ಕೆಲಸ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಮುಂದಿನ ಮೀಟಿಂಗಿನಲ್ಲಿ ಇದನ್ನು ನಾನು ಹೇಳಲಿಲ್ಲ, ಅವರ ಬಾಯಲ್ಲೇ ಹೇಳಿಸಿದೆ.

ಬಲವೇ ತೊಂದರೆ ಆಗೋದೂ ಉಂಟು. ಇನ್ನೊಬ್ಬರಿಗೆ ಕೈಚಳಕ ಬಹಳ. ಏನೇ ಕೆಟ್ಟರೂ ತಾವೇ ಸ್ಪ್ಯಾನರ್ ಹಿಡಿಯುತ್ತಿದ್ದರು, ಹುಡುಗರು ನಿಂತು ನೋಡುತ್ತಿದ್ದರು. 'ನೀವು ಬಿಟ್ಟುಕೊಡಲ್ಲ' ಅಂತ ಮ್ಯಾನೇಜರ್ ಬೈದು ಬೈದು ಸೋತಿದ್ದರು. ನಾನು ಕೇಳಿದ್ದು, 'ನೀವು ಕೈ ಹಾಕದೇ ಕೆಲಸ ಸರಿಯಾದ ದಿನ ಯಾವುದು?' ಬಹಳ ಹೊತ್ತು ಯೋಚಿಸಿ, ಗಣಪತಿ ವಿಸರ್ಜನೆಗೆ ರಜೆ ಹಾಕಿದ ದಿನ ಅಂದರು. ಅವತ್ತು ಮಷೀನ್ ನಿಂತಿತ್ತು, ಹುಡುಗರೇ ಸರಿ ಮಾಡಿದ್ದರು. ಹೇಗೆ ಮಾಡಿದರು ಅಂತ ಇವರು ಕೇಳೇ ಇರಲಿಲ್ಲ! ಮರುದಿನ ಹೋಗಿ ಕೇಳಿದರು. 'ಹುಡುಗರಿಗೆ ಬಿಡೋದರಲ್ಲಿ 10ಕ್ಕೆ ಎಷ್ಟು ಕೊಟ್ಕೋತೀರಿ' ಅಂದಾಗ 3 ಅಂದರು. 'ಯಾಕೆ 8 ಇಲ್ಲ' ಅಂತ ಕೇಳಿದರೆ ಮತ್ತೆ ಕೋರ್ಟ್ ಶುರುವಾಗುತ್ತೆ. 'ಯಾಕೆ 1 ಅಲ್ಲ' ಅಂತ ಕೇಳಿ, ಈಗಾಗಲೇ ಬಿಟ್ಟುಕೊಟ್ಟದ್ದನ್ನು ಅವರೇ ಹುಡುಕಿ ಹೇಳುತ್ತಾರೆ. ಇಂಥ ಅಂಕಿ ಪ್ರಶ್ನೆ ಸ್ಟೀವ್ ಡಿ ಶೇಜರ್, ಇನ್ಸೂ ಕಿಮ್ ಬರ್ಗ್ ದಂಪತಿಯ ಕೌನ್ಸೆಲಿಂಗ್ ಪದ್ಧತಿಯಿಂದ ಬಂದದ್ದು.

ಎಲ್ಲಕ್ಕೂ ಇದನ್ನೇ ಹಚ್ಚಬೇಡಿ. ಕಾದ ಲೋಹ ಚೆಲ್ಲಿ ಒಬ್ಬನ ಕಾಲು ಸುಟ್ಟಾಗ ಚೆನ್ನಾಗಿ ನಡೆದದ್ದನ್ನು ಕೇಳೋಕೆ ಹೋಗಬಾರದು. ಅಲ್ಲಿ ಐದು 'ಯಾಕೆ'ಯೇ ಬೇಕು. ಅಪ್ರಿಶಿಯೇಟಿವ್ ಇನ್‌ಕ್ವೈರಿ ಬಗ್ಗೆ ಬಹಳ ಬರೆದ ಜರ್ವೇಸ್ ಬುಶೆ ಕೂಡ ಖುಷಿಯೊಂದೇ ಗುರಿಯಲ್ಲ, ಹೊಸ ಯೋಚನೆ ಹುಟ್ಟಬೇಕು ಅನ್ನುತ್ತಾರೆ. ಇನ್ನೊಂದು, ಇನ್‌ಚಾರ್ಜ್ ನಿಮಗೆ ಹೇಳಿದ ಮಾತು ಮ್ಯಾನೇಜರ್ ಟೇಬಲ್ಲಿಗೆ ಹೋಗಬಾರದು. ಒಂದು ಸಲ ಹೋದರೂ ಸಾಕು, ಯಾರೂ ಬಾಯಿ ಬಿಡಲ್ಲ.

ನಿಮ್ಮಲ್ಲಾದರೆ ಕಬ್ಬು ನುರಿಸುವ ಹಂಗಾಮು ಮುಗಿದು ರಿಪೇರಿ ಕೆಲಸ ನಡೆಯುವ ತಿಂಗಳುಗಳಲ್ಲಿ ಶುರು ಮಾಡಿ. ಆಫೀಸಿಗೆ ಕರೆಸಬೇಡಿ, ನೀವೇ ಅವರಿರುವಲ್ಲಿಗೆ ಹೋಗಿ. ಗೇಟಿನ ಹೊರಗೆ ಟ್ರ್ಯಾಕ್ಟರ್ ಸಾಲು ನಿಂತಿರುವಾಗ ಹೋಗಿ 'ನಿಮಗೆ ಸಮಾಧಾನ ಆದ ಒಂದು ಶಿಫ್ಟ್ ಹೇಳ್ರಿ' ಅಂದರೆ, ಕೈಗೆ ಸಿಕ್ಕ ಕಬ್ಬಿನಲ್ಲೇ ಉತ್ತರ ಕೊಟ್ಟಾರು.