20 ಹರ್ಮಿಟ್ ಏಡಿ ಬಿಡಿ ಅಂದರು ಅಂಗಡಿಯವರು, ಬಿಡಬೇಕಾ?

ಪ್ರಶ್ನೆ: ಸರ್, ನಾನು ಬೆಳಗಾವಿಯ ಟಿಳಕವಾಡಿಯವನು. ಮನೆಯಲ್ಲಿ 120 ಲೀಟರಿನ ಉಪ್ಪುನೀರಿನ ರೀಫ್ ಟ್ಯಾಂಕ್ (ಹವಳ, ಕಡಲಜೀವಿಗಳನ್ನು ಸಾಕುವ ತೊಟ್ಟಿ) ಮಾಡಿ ಮೂರು ವಾರ ಆಯ್ತು. ಒಣ ಕಲ್ಲು, ಬಿಳಿ ಮರಳು ಹಾಕಿದ್ದೇನೆ, ಮೀನು ಇನ್ನೂ ಬಿಟ್ಟಿಲ್ಲ. ಮರಳಿನ ಮೇಲೆ ಕಂದು ಪುಡಿಯಂಥ ಪಾಚಿ ಬಂದಿದೆ. ಅಂಗಡಿಯಲ್ಲಿ ಕೇಳಿದರೆ "20 ಹರ್ಮಿಟ್ ಏಡಿ ಬಿಡ್ರಿ, ಎಲ್ಲಾ ಸ್ವಚ್ಛ ಮಾಡ್ತಾವ" ಅಂದರು. ಖಾಲಿ ಶಂಖದ ಚಿಪ್ಪಿನೊಳಗೆ ಮನೆ ಮಾಡಿಕೊಳ್ಳುವ ಏಡಿಗಳಂತೆ ಅವು. ಮೊದಲು ಆರು ತಂದು ಬಿಟ್ಟೆ. ಎರಡೇ ದಿನಕ್ಕೆ ಮೂರು ಚಿಪ್ಪಿನಿಂದ ಹೊರಗೆ ಬಂದು ಸತ್ತವು, ಉಳಿದವು ಹೆಚ್ಚು ಓಡಾಡುತ್ತಿಲ್ಲ. ಇನ್ನೂ ಹದಿನಾಲ್ಕು ತರಲಾ? ಮುಂದಿನ ವಾರ ಗೋವಾಕ್ಕೆ ಹೊರಟಿದ್ದೇವೆ, ಅಲ್ಲಿ ಬೀಚಿನಿಂದಲೇ ತಂದರೆ ನಡೆಯುತ್ತದಾ?

ಉತ್ತರ: ತರಬೇಡಿ. ಅಂಗಡಿಯಿಂದಲೂ ಬೇಡ, ಗೋವಾದಿಂದಲೂ ಬೇಡ.

ನಿಮ್ಮ ಟ್ಯಾಂಕಿಗೆ ಮೂರು ವಾರ ಆಗಿರಬಹುದು, ಆದರೆ ಅದು ತಯಾರಾಗುವ ಕೆಲಸ ಇನ್ನೂ ಶುರುವೇ ಆಗಿಲ್ಲದಿರಬಹುದು. ಬಹಳ ಜನ ಇಲ್ಲೇ ಎಡವುತ್ತಾರೆ. ಉಪ್ಪುನೀರು ತುಂಬಿ, ಪಂಪ್ ಹಾಕಿ ಸುಮ್ನೆ ಕಾದರೆ ಟ್ಯಾಂಕ್ ತಯಾರಾಗುವುದಿಲ್ಲ. ಕಲ್ಲು ಮತ್ತು ಮರಳಿನಲ್ಲಿ ಎರಡು ಬಗೆಯ ಬ್ಯಾಕ್ಟೀರಿಯಾ ಬೆಳೆಯಬೇಕು. ಒಂದು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಇವು ಬೆಳೆಯಲು ಅಮೋನಿಯಾ ಬೇಕು. ನೀವು ಮೀನು ಬಿಟ್ಟಿಲ್ಲ, ಕಲ್ಲು ಒಣಗಿದ್ದು, ಆಹಾರವನ್ನೂ ಹಾಕಿಲ್ಲ ಅಂದರೆ ಆ ಬ್ಯಾಕ್ಟೀರಿಯಾಕ್ಕೆ ತಿನ್ನಲು ಏನಿತ್ತು ಹೇಳಿ? ಈಗ ಸತ್ತ ಏಡಿಗಳಿಂದಲೇ ಅಮೋನಿಯಾ ಬರಲು ಶುರುವಾಗಿರುತ್ತದೆ. ಉಳಿದ ಮೂರಕ್ಕೂ ಅದೇ ವಿಷ.

ಹಾಗಾಗಿ ಸತ್ತವನ್ನು ಇವತ್ತೇ ತೆಗೆಯಿರಿ. ಅಮೋನಿಯಾ ಮತ್ತು ನೈಟ್ರೈಟ್ ಟೆಸ್ಟ್ ಕಿಟ್ ತನ್ನಿ. ಇದೊಂದು ಇಲ್ಲದೆ ಯಾರು ಏನೇ ಸಲಹೆ ಕೊಟ್ಟರೂ ಅದು ಊಹೆ ಅಷ್ಟೇ, ನನ್ನದೂ ಸೇರಿ. ಅಮೋನಿಯಾ ಕಂಡರೆ ಅಷ್ಟೇ ಉಪ್ಪು, ಅಷ್ಟೇ ಬಿಸಿ ಇರುವ ಹೊಸ ನೀರಿನಿಂದ ಕಾಲು ಭಾಗ ಬದಲಾಯಿಸಿ. ಸಾಧ್ಯವಾದರೆ ಉಳಿದ ಏಡಿಗಳನ್ನು ಕೆಲವು ವಾರ ನಿಮ್ಮಲ್ಲೇ ಇಟ್ಟುಕೊಳ್ಳಿ ಎಂದು ಅಂಗಡಿಯವರನ್ನು ಕೇಳಿ, ಮಾರಿದವರು ಅಷ್ಟಾದರೂ ಮಾಡಬೇಕಲ್ವಾ.

ಏಡಿಗಳನ್ನು ಹೊರಗೆ ಕಳಿಸಿ ಟ್ಯಾಂಕಿನಲ್ಲಿ ಜೀವ ಇಲ್ಲದಂತಾದ ಮೇಲೆ ಅಮೋನಿಯಂ ಕ್ಲೋರೈಡ್ ದ್ರಾವಣ ಹಾಕಿ ಅಮೋನಿಯಾ 2 ಪಿಪಿಎಂಗೆ (ಲೀಟರಿಗೆ ಸುಮಾರು 2 ಮಿಲಿಗ್ರಾಂ) ತನ್ನಿ. ಬಾಟಲಿಯಲ್ಲಿ ಸಿಗುವ ಬ್ಯಾಕ್ಟೀರಿಯಾ ಹಾಕಿದರೆ ಸ್ವಲ್ಪ ಬೇಗ ಆಗುತ್ತದೆ. ಇಲ್ಲದಿದ್ದರೆ ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಒಂದು ದಿನ 2 ಪಿಪಿಎಂ ಹಾಕಿ, 24 ಗಂಟೆಯಲ್ಲಿ ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಸೊನ್ನೆಯಾದರೆ ಟ್ಯಾಂಕ್ ತಯಾರು. ಆಮೇಲೆ ನೀರು ಬದಲಾಯಿಸಿ ನೈಟ್ರೇಟ್ ಇಳಿಸಿಕೊಂಡು ಮುಂದಿನ ಮಾತು.

ಆ ಕಂದು ಪುಡಿಗೆ ಹೆದರಬೇಡಿ. ಅದು ಡಯಾಟಮ್, ಸಿಲಿಕೇಟ್ ಬಳಸಿ ಬೆಳೆಯುವ ಅತಿಸಣ್ಣ ಪಾಚಿ. ಹೊಸ ಟ್ಯಾಂಕಿನಲ್ಲಿ ಬಂದೇ ಬರುತ್ತದೆ, ನೀರಿನಲ್ಲಿರುವ ಸಿಲಿಕೇಟ್ ಮುಗಿದರೆ ಕೆಲವು ವಾರಗಳಲ್ಲಿ ತಾನೇ ಹೋಗುತ್ತದೆ. ನಲ್ಲಿ ನೀರು ಬಳಸಿದ್ದರೆ ಜಾಸ್ತಿ ದಿನ ಇರುತ್ತದೆ. ನಿಮ್ಮೂರಿಗೆ ಬರುವ ರಕ್ಕಸಕೊಪ್ಪ ಜಲಾಶಯದ ನೀರು ಕುಡಿಯಲು ಚೆನ್ನಾಗಿರಬಹುದು, ಆದರೆ ರೀಫ್ ಟ್ಯಾಂಕಿಗೆ ಆರ್‌ಓ ಜೊತೆ ಡಿಐ ರೆಸಿನ್ (ಉಳಿದ ಲವಣಗಳನ್ನೂ ಹಿಡಿದಿಡುವ ಹರಳು) ದಾಟಿದ, ಟಿಡಿಎಸ್ (ಕರಗಿದ ಲವಣಗಳ ಅಳತೆ) ಸೊನ್ನೆ ತೋರಿಸುವ ನೀರೇ ಬೇಕು. ಅಡುಗೆಮನೆಯ ಆರ್‌ಓ ಸಾಲದು. ರುಚಿಗೆಂದು ಅವುಗಳಲ್ಲಿ ಹಲವು ಯಂತ್ರಗಳು ಒಂದಿಷ್ಟು ಶುದ್ಧೀಕರಿಸದ ನೀರನ್ನೋ ಖನಿಜವನ್ನೋ ಮತ್ತೆ ಸೇರಿಸುತ್ತವೆ. ಇನ್ನೊಂದು ಮಾತು, ನಮ್ಮ ಕಡೆ ತಾಮ್ರದ ಹಂಡೆ, ಕೊಡದಲ್ಲಿ ನೀರು ಹಿಡಿದಿಡುವ ರೂಢಿ ಇದೆಯಲ್ಲ, ಆ ನೀರು ಟ್ಯಾಂಕಿನ ಹತ್ತಿರವೂ ಬರಬಾರದು. ತಾಮ್ರ ಏಡಿ, ಸೀಗಡಿ, ಬಸವನಹುಳು, ಹವಳ ಎಲ್ಲಕ್ಕೂ ವಿಷ. ಮೀನಿನ ಬಿಳಿ ಚುಕ್ಕೆ ರೋಗಕ್ಕೆ ಕೊಡುವ ಹಲವು ಔಷಧಿಗಳಲ್ಲೂ ತಾಮ್ರ ಇರುತ್ತದೆ, ಹಾಗಾಗಿ ಮುಂದೆ ಮೀನಿಗೆ ರೋಗ ಬಂದರೆ ಬೇರೆ ತೊಟ್ಟಿಯಲ್ಲೇ ಚಿಕಿತ್ಸೆ ಮಾಡಿ.

ಈಗ ಏಡಿಯ ಲೆಕ್ಕ. 120 ಲೀಟರಿಗೆ 20 ಏಡಿ ಬಹಳ ಜಾಸ್ತಿ. ನಾನಾದರೆ ನಾಲ್ಕು ಬಿಡುತ್ತೇನೆ, ಐದರ ಮೇಲೆ ಹೋಗುವುದಿಲ್ಲ. ಅದೂ ಟ್ಯಾಂಕ್ ತಯಾರಾಗಿ, ಪಾಚಿ ಒಂದಿಷ್ಟು ಬೆಳೆದು, ಮೀನಿಗೆ ಹಾಕಿದ ಆಹಾರದಲ್ಲಿ ಸ್ವಲ್ಪ ಕೆಳಗೆ ಬೀಳುವಂತಾದ ಮೇಲೆ. ಹರ್ಮಿಟ್ ಏಡಿಯನ್ನು ಪೊರಕೆ ಅಂದುಕೊಂಡು ಕೊಳ್ಳುತ್ತಾರೆ, ಅದಕ್ಕೂ ಹೊಟ್ಟೆ ಇದೆ ಅನ್ನುವುದು ಮರೆತೇಹೋಗುತ್ತದೆ. ಹೊಸ ಟ್ಯಾಂಕಿನಲ್ಲಿ ಎರಡು ವಾರದಲ್ಲಿ ಪಾಚಿ ಮುಗಿಯುತ್ತದೆ. ಆಮೇಲೆ ಅವು ಉಪವಾಸ ಬೀಳುತ್ತವೆ, ಇಲ್ಲವೇ ಬಸವನಹುಳುಗಳ ಮೇಲೆ ಬೀಳುತ್ತವೆ. ನೀರಿನ ಟೆಸ್ಟ್ ಎಲ್ಲಾ ಸರಿ ಇದ್ದೂ ಒಂದೊಂದೇ ಏಡಿ ಸಾಯುತ್ತಿದ್ದರೆ ಹಸಿವಿನ ಮೇಲೆ ಅನುಮಾನ ಪಡಿ. ವಾರಕ್ಕೆ ಎರಡು ಸಲ ಮುಳುಗುವ ಪೆಲೆಟ್, ಒಣ ಸಮುದ್ರಪಾಚಿಯ ಚೂರು, ಯಾವಾಗಲಾದರೂ ಉಪ್ಪು ಮಸಾಲೆ ಇಲ್ಲದ ಹಸಿ ಸೀಗಡಿಯ ಕಾಳಿನಷ್ಟು ತುಂಡು ಹಾಕಿದರೆ ಸಾಕು. ಪಾಚಿ ತಿನ್ನಿಸುವುದೊಂದೇ ಗುರಿಯಾದರೆ ಟ್ರೋಕಸ್, ಸೆರಿತ್ ಜಾತಿಯ ಬಸವನಹುಳುಗಳು ಏಡಿಗಿಂತ ಚೆನ್ನಾಗಿ ಕೆಲಸ ಮಾಡುತ್ತವೆ.

ಯಾವ ಏಡಿ ಅನ್ನುವುದೂ ಮುಖ್ಯ. ಕೆರಿಬಿಯನ್ ಕಡಲಿನ ನೀಲಿ ಕಾಲಿನದು ಮತ್ತು ಕೆಂಪು ಕಾಲಿನದು ಎರಡೂ ಸಣ್ಣವಾಗಿಯೇ ಉಳಿಯುತ್ತವೆ. ಎರಡರಲ್ಲಿ ಕೆಂಪು ಕಾಲಿನದು ಹೆಚ್ಚು ಸಾಧು. ಕೆಂಪು ಮೈ ತುಂಬಾ ಬಿಳಿ ಚುಕ್ಕೆ ಇರುವ, ಕೂದಲು ಕೂದಲಾದ ಮರಿಯನ್ನು ಯಾರಾದರೂ ಚೆಂದ ಇದೆ ಅಂತ ತೋರಿಸಿದರೆ ಕೈ ಹಾಕಬೇಡಿ. ಅದು ಡಾರ್ಡೇನಸ್ ಮೆಗಿಸ್ಟೋಸ್. ಅಂಗೈ ಮೀರಿ ಬೆಳೆಯುತ್ತದೆ, ಬಸವನಹುಳುವನ್ನು ತಿನ್ನುತ್ತದೆ, ಸಿಕ್ಕರೆ ಮೀನನ್ನೂ ಬಿಡುವುದಿಲ್ಲ, ಕಲ್ಲುಗಳನ್ನು ಕೆಡವುತ್ತದೆ.

ತಂದ ದಿನ ಚೀಲದಿಂದ ಸೀದಾ ಟ್ಯಾಂಕಿಗೆ ಸುರಿದಿದ್ದಿರಾ? ಅದೂ ಒಂದು ಕಾರಣ ಇರಬಹುದು. ಉಪ್ಪು ಉಳಿಸಲು ಕೆಲವು ಅಂಗಡಿಗಳು ನೀರಿನ ಸಾಂದ್ರತೆಯನ್ನು (ಉಪ್ಪು ಎಷ್ಟಿದೆ ಅನ್ನುವ ಅಳತೆ) 1.020ರ ಆಸುಪಾಸು ಇಟ್ಟಿರುತ್ತವೆ, ನಿಮ್ಮ ಟ್ಯಾಂಕಿನದು 1.025 ಇರಬೇಕು. ಮೀನು ಹೇಗೋ ತಡೆದುಕೊಂಡರೂ ಏಡಿಗೆ ಆ ಜಿಗಿತ ಕಷ್ಟ. ಸಣ್ಣ ಪೈಪಿಗೆ ಗಂಟು ಹಾಕಿ, ಸೆಕೆಂಡಿಗೆ ಎರಡು ಮೂರು ಹನಿಯಂತೆ ಟ್ಯಾಂಕಿನ ನೀರನ್ನು ಏಡಿ ಇರುವ ಡಬ್ಬಿಗೆ ಒಂದು ಒಂದೂವರೆ ಗಂಟೆ ಬಿಡಿ. ಆಮೇಲೆ ಏಡಿ ಮಾತ್ರ ಟ್ಯಾಂಕಿಗೆ, ಡಬ್ಬಿಯ ನೀರು ಮೋರಿಗೆ.

ಗೋವಾದ ವಿಚಾರ. ಒಣ ಮರಳಿನ ಮೇಲೆ ಓಡಾಡುವ ಹರ್ಮಿಟ್ ಏಡಿಗಳು ನೆಲದವಾಗಿದ್ದರೆ ನಿಮ್ಮ ಟ್ಯಾಂಕಿನಲ್ಲಿ ಮುಳುಗಿ ಸಾಯುತ್ತವೆ, ಅವುಗಳಿಗೆ ಗಾಳಿ ಬೇಕು. ಬಂಡೆಯ ಹೊಂಡದಲ್ಲಿ ಸಿಗುವವು ನೀರಿನವೇ, ಗಟ್ಟಿಯೂ ಹೌದು. ಆದರೆ ಯಾವ ಜಾತಿ, ಎಷ್ಟು ಬೆಳೆಯುತ್ತದೆ, ಏನು ತಿನ್ನುತ್ತದೆ ಗೊತ್ತಿಲ್ಲದೆ ಚೋರ್ಲಾ ಘಾಟಿನ ತಿರುವುಗಳಲ್ಲಿ ಬಾಟಲಿಯಲ್ಲಿ ಕುಲುಕಿಸಿ ತರುವುದು ಬೇಡ. ಹವಳದ ತುಂಡನ್ನಂತೂ ಮುಟ್ಟಲೇಬೇಡಿ. ಕಲ್ಲುಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಶೆಡ್ಯೂಲಿನಲ್ಲಿವೆ, ಹುಲಿಯ ಜೊತೆಗೇ. ಕೆಲವು ಜಾತಿಯ ಶಂಖ, ಚಿಪ್ಪುಗಳಿಗೂ ಅದೇ ಕಾಯ್ದೆಯ ರಕ್ಷಣೆ ಇದೆ.

ಪ್ರಶ್ನೆ: ನಾವು ವಿಜಯಪುರದವರು. ಏಪ್ರಿಲ್, ಮೇನಲ್ಲಿ ಮನೆಯೊಳಗೇ ಕುದಿಯುತ್ತದೆ. ಏಡಿಗಳಿರುವ ಟ್ಯಾಂಕಿಗೆ ಚಿಲ್ಲರ್ (ನೀರು ತಂಪು ಮಾಡುವ ಯಂತ್ರ) ಬೇಕೇ ಬೇಕಾ? ಬೆಲೆ ಕೇಳಿ ಸುಸ್ತಾಯ್ತು.

ಉತ್ತರ: ಬೇಕೇ ಬೇಕು ಅಂತೇನಿಲ್ಲ, ಮೊದಲು ಫ್ಯಾನ್ ಪ್ರಯತ್ನಿಸಿ. ಟ್ಯಾಂಕ್ 24ರಿಂದ 27 ಡಿಗ್ರಿ ಇದ್ದರೆ ಚೆನ್ನ. ನಿಮ್ಮಲ್ಲಿ ಬೇಸಿಗೆಯ ಗಾಳಿ ಒಣಗಾಳಿ. ಮಂಗಳೂರಿನ ಕಡೆಯವರಿಗಿಲ್ಲದ ಅನುಕೂಲ ಇದು. ಮುಚ್ಚಳ ತೆಗೆದು ನೀರಿನ ಮೇಲ್ಮೈಗೆ ಬೀಸುವಂತೆ ಸಣ್ಣ ಫ್ಯಾನ್ ಇಟ್ಟರೆ ನೀರು ಆವಿಯಾಗುತ್ತಾ 2–3 ಡಿಗ್ರಿ ಇಳಿಯುತ್ತದೆ. ಆದರೆ ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಆದ್ದರಿಂದ ಇಳಿದಷ್ಟನ್ನು ದಿನಾ ಉಪ್ಪಿಲ್ಲದ ಆರ್‌ಓ ಡಿಐ ನೀರಿನಿಂದಲೇ ತುಂಬಬೇಕು. ಉಪ್ಪುನೀರು ತುಂಬಿದರೆ ಒಂದು ವಾರದಲ್ಲಿ ಸಾಂದ್ರತೆ ಎಲ್ಲಿಗೋ ಹೋಗಿರುತ್ತದೆ. ಬೋರಿನ ನೀರಂತೂ ಬೇಡವೇ ಬೇಡ. ಇಷ್ಟಾದರೂ 29–30 ದಾಟುತ್ತಿದ್ದರೆ ಚಿಲ್ಲರ್ ತೆಗೆದುಕೊಳ್ಳಿ, ಇಲ್ಲವೇ ಆ ಕೋಣೆಗೆ ಎಸಿ ಹಾಕಿ. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ. ಅದಕ್ಕೇ ಮಧ್ಯಾಹ್ನ ಕರೆಂಟ್ ಹೋದರೆ ಮೊದಲು ಓಡಬೇಕಾದದ್ದು ಬ್ಯಾಟರಿಯ ಏರ್ ಪಂಪ್, ಲೈಟ್ ಅಲ್ಲ.

ಪ್ರಶ್ನೆ: ಬಾಗಲಕೋಟೆ, ನವನಗರ. ಏಡಿ ಸತ್ತುಬಿದ್ದಿದೆ ಅಂತ ತೆಗೆಯಲು ಹೋದರೆ ಇನ್ನೊಂದು ಕಡೆ ಅದೇ ಏಡಿ ಓಡಾಡುತ್ತಿದೆ! ಮತ್ತೆ, ನನ್ನ ಎರಡು ಬಸವನಹುಳು ಕಾಣೆಯಾಗಿವೆ.

ಉತ್ತರ: ಮೊದಲನೆಯದು ಖುಷಿಯ ವಿಷಯ. ಏಡಿ ಹಳೆಯ ಹೊರಕವಚ ಕಳಚಿದೆ, ಕಾಲು, ಕೊಂಡಿ, ಮೀಸೆ ಸಮೇತ. ಎತ್ತಿ ನೋಡಿ, ಒಳಗೆ ಟೊಳ್ಳು, ವಾಸನೆ ಇಲ್ಲ. ನಿಜವಾಗಿ ಸತ್ತಿದ್ದರೆ ಮೂಗೇ ಹೇಳುತ್ತದೆ. ಹೊಸ ಕವಚ ಗಟ್ಟಿಯಾಗುವ ತನಕ ಅದು ಕಲ್ಲಿನ ಸಂದಿಯಲ್ಲಿ ಅಡಗುತ್ತದೆ, ಕೆದಕಬೇಡಿ. ಅಯೋಡಿನ್ ಹಾಕಿ ಅಂತ ಯಾರಾದರೂ ಹೇಳಿದರೆ ಸದ್ಯಕ್ಕೆ ಕೇಳಬೇಡಿ. ಒಳ್ಳೆಯ ರೀಫ್ ಉಪ್ಪಿನಿಂದ ನಿಯಮಿತವಾಗಿ ನೀರು ಬದಲಾಯಿಸುತ್ತಿದ್ದರೆ ಅಷ್ಟು ಸಾಕು.

ಎರಡನೆಯದಕ್ಕೆ, ಏಡಿಗಳ ಬೆನ್ನ ಮೇಲೆ ನೋಡಿ. ನಿಮ್ಮ ಬಸವನಹುಳುವಿನ ಚಿಪ್ಪು ಅಲ್ಲೇ ಸಿಗಬಹುದು. ಬೆಳೆದ ಏಡಿಗೆ ದೊಡ್ಡ ಮನೆ ಬೇಕು, ಖಾಲಿ ಚಿಪ್ಪು ಸಿಗದಿದ್ದರೆ ಜೀವ ಇರುವುದನ್ನೇ ಖಾಲಿ ಮಾಡಿಸುತ್ತದೆ. ಪ್ರತಿ ಏಡಿಗೆ ಎರಡು ಮೂರರಂತೆ, ಈಗಿನದಕ್ಕಿಂತ ಸ್ವಲ್ಪ ದೊಡ್ಡ ಖಾಲಿ ಚಿಪ್ಪುಗಳನ್ನು ಕುದಿಸಿ ತೊಳೆದು ಮರಳಿನ ಮೇಲೆ ಇಡಿ. ದುಂಡು ಬಾಯಿಯದು, ಉದ್ದ ಬಾಯಿಯದು ಎರಡೂ ಇರಲಿ, ಯಾವುದು ಬೇಕೋ ಅವೇ ಆರಿಸಿಕೊಳ್ಳುತ್ತವೆ. ಬೀಚಿನ ಅಂಗಡಿಗಳಲ್ಲಿ ಮಾರುವ ಬಣ್ಣ ಬಳಿದ, ವಾರ್ನಿಷ್ ಹಚ್ಚಿದ ಚಿಪ್ಪು ಬೇಡ. ಹೀಗೆ ಮಾಡಿದರೆ ಬಸವನಹುಳುವಿನ ಮೇಲಿನ ದಾಳಿ ಕಡಿಮೆಯಾಗುತ್ತದೆ, ಪೂರ್ತಿ ನಿಲ್ಲುವುದಿಲ್ಲ. ಒಂದೂ ಬಸವನಹುಳು ಸಾಯಬಾರದು ಅನ್ನುವವರು ಹರ್ಮಿಟ್ ಏಡಿ ಸಾಕದಿರುವುದೇ ಒಳ್ಳೆಯದು.