ಅರ್ಕಾವತ್ತು ತಿದ್ದಿದರೆ ಆವೃತ್ತಿ ಸಂಖ್ಯೆ ಎಷ್ಟಾಗಬೇಕು?

ತಂತ್ರಾಂಶದ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಪುಣೆಯಿಂದ ಉತ್ತರ

ಪ್ರಶ್ನೆ: ಮೇಡಂ, ನಮ್ಮ ಕನ್ನಡ ಸಂಘದ ಹಳೆಯ ವಿಶೇಷಾಂಕಗಳೆಲ್ಲ ನುಡಿ ತಂತ್ರಾಂಶದ ಆಸ್ಕಿ ಫಾಂಟಿನಲ್ಲಿ, ಎಂದರೆ ಆ ಫಾಂಟಿದ್ದರೆ ಮಾತ್ರ ಓದಲಾಗುವ ಹಳೆಯ ಸಂಕೇತದಲ್ಲಿವೆ. ಅವನ್ನು ಯುನಿಕೋಡ್‌ಗೆ ಪರಿವರ್ತಿಸಲು ಪೈಥಾನ್‌ನಲ್ಲಿ ಸಣ್ಣದೊಂದು ತಂತ್ರಾಂಶ ಬರೆದು, ಯಾರು ಬೇಕಾದರೂ ಬಳಸಿ ತಿದ್ದಬಹುದಾದ ಓಪನ್ ಸೋರ್ಸ್ ಆಗಿ ಬಿಟ್ಟಿದ್ದೇನೆ. ಈಗ ನನಗೆ ಪರಿಚಯವಿಲ್ಲದ ಊರುಗಳವರೂ ಬಳಸುತ್ತಿದ್ದಾರೆ. ಸದ್ಯ ಆವೃತ್ತಿ 0.9ರಲ್ಲಿದೆ. ಮುಂದಿನದು 1.0 ಆಗಲೇಬೇಕೇ? ಇನ್ನೊಂದು: ‘ರ‍್ಯಾಂಕ್’, ‘ರ‍್ಯಾಲಿ’ ಎಂಬ ಪದಗಳು ಇಲ್ಲಿಯವರೆಗೆ ಅರ್ಕಾವತ್ತು ಹಾಕಿಕೊಂಡು ‘ರ್ಯಾಂಕ್’, ‘ರ್ಯಾಲಿ’ ಎಂದು ಬರುತ್ತಿದ್ದವು. ಅದನ್ನು ಸರಿಪಡಿಸಿದ್ದೇನೆ. ಇಷ್ಟಕ್ಕೆ ಕೊನೆಯ ಸಂಖ್ಯೆ ಏರಿಸಿದರೆ ಸಾಕೇ?
– ಓದುಗರು, ಡೊಂಬಿವಲಿ

ಉತ್ತರ: ಮೊದಲ ಅನುಮಾನಕ್ಕೆ ಚುಟುಕಾಗಿ: ಆಗಲೇಬೇಕೆಂದಿಲ್ಲ. 0.9ರ ಮೇಲೆ 0.10 ಬರಬಹುದು, 0.11 ಬರಬಹುದು. ನಡುವಿನ ಚುಕ್ಕಿ ದಶಮಾಂಶದ್ದಲ್ಲ; ಅದರ ಎರಡು ಬದಿಗೂ ಇರುವುದು ಬೇರೆ ಬೇರೆ ಪೂರ್ಣಾಂಕಗಳು. ನೀವು ಬಳಸುವ ಪೈಥಾನೇ 2020ರಲ್ಲಿ 3.9 ಆಗಿ, 2021ರಲ್ಲಿ 3.10 ಆಯಿತು. ಆಗ ಯಾಮೆಲ್ ಎಂಬ, ಸೆಟ್ಟಿಂಗುಗಳನ್ನು ಬರೆದಿಡುವ ಕಡತದಲ್ಲಿ ಉದ್ಧರಣ ಚಿಹ್ನೆ ಹಾಕದೆ 3.10 ಎಂದು ಬರೆದವರಿಗೆ ಅದು 3.1 ಆಗಿ ಕುಳಿತು, ಎಂದೋ ಹಳತಾದ ಪೈಥಾನನ್ನು ಕಂಪ್ಯೂಟರ್ ಹುಡುಕತೊಡಗಿತು. ನೀವು ಆವೃತ್ತಿ ಸಂಖ್ಯೆಯನ್ನು ಯಾವಾಗಲೂ ಉದ್ಧರಣ ಚಿಹ್ನೆಯೊಳಗೇ ಇಡಿ.

ಆದರೂ ನಿಮ್ಮ ಮುಂದಿನ ಬಿಡುಗಡೆ 1.0.0 ಆಗಲಿ ಎಂದೇ ಹೇಳುತ್ತೇನೆ. ಕಾರಣ ಬೇರೆ. ತಂತ್ರಾಂಶಗಳ ಮೂಲ ಸಂಕೇತ ಇಡುವ ತಾಣವಾದ ಗಿಟ್‌ಹಬ್ ಸ್ಥಾಪಕರಲ್ಲಿ ಒಬ್ಬರಾದ ಟಾಮ್ ಪ್ರೆಸ್ಟನ್-ವರ್ನರ್ ಬರೆದಿಟ್ಟ ಸೆಮ್ಯಾಂಟಿಕ್ ವರ್ಷನಿಂಗ್ ಎಂಬ ನಿಯಮಾವಳಿಯನ್ನು ಇಂದು ಬಹಳ ಮಂದಿ ಪಾಲಿಸುತ್ತಾರೆ. ಅದರಲ್ಲಿ ಮೂರು ಸಂಖ್ಯೆಗಳು. ಈಗಾಗಲೇ ಬಳಸುತ್ತಿರುವವರ ಕೆಲಸ ಕೆಡುವಂಥ ಬದಲಾವಣೆಯಾದರೆ ಮೊದಲನೆಯದು ಏರುತ್ತದೆ. ಇದ್ದದ್ದನ್ನು ಕೆಡಿಸದೆ ಹೊಸ ಸೌಲಭ್ಯ ಸೇರಿಸಿದರೆ ನಡುವಿನದು. ದೋಷ ಮಾತ್ರ ತಿದ್ದಿದರೆ ಕೊನೆಯದು. ಮೊದಲ ಸ್ಥಾನದಲ್ಲಿ ಸೊನ್ನೆ ಇರುವಷ್ಟು ಕಾಲ ಏನು ಬೇಕಾದರೂ ಬದಲಾಗಬಹುದು, ಯಾರೂ ನೆಚ್ಚಿಕೊಳ್ಳಬೇಡಿ ಎಂದು ಅರ್ಥ. ನಿಮ್ಮನ್ನು ಜನ ಈಗಾಗಲೇ ನೆಚ್ಚಿಕೊಂಡಿದ್ದಾರೆ. ಅಂದ ಮೇಲೆ ಆ ಸೊನ್ನೆಯ ಮರೆಯಲ್ಲಿ ನಿಲ್ಲುವುದು ನ್ಯಾಯವಲ್ಲ. (ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನಲ್ ಈ ನಿಯಮಕ್ಕೆ ಒಳಪಟ್ಟಿಲ್ಲ. 2011ರಲ್ಲಿ 2.6.39ರ ನಂತರ ಬಂದದ್ದನ್ನು ಅದರ ಜನಕ ಲಿನಸ್ ಟೊರ್ವಾಲ್ಡ್ಸ್ 3.0 ಎಂದು ಕರೆದರು. ದೊಡ್ಡ ಬದಲಾವಣೆಯೇನೂ ಇರಲಿಲ್ಲ, ಸಂಖ್ಯೆ ಬೆಳೆದು ಉದ್ದವಾಗಿತ್ತು, ಅಷ್ಟೇ. ಆದರೆ ಕರ್ನಲ್ ಬದಲಾಯಿತೆಂದು ಅದರ ಮೇಲೆ ಓಡುವ ತಂತ್ರಾಂಶ ಕೆಡಕೂಡದು ಎಂಬ ಅವರ ಹಠ ಯಾವ ನಿಯಮಾವಳಿಗೂ ಕಡಿಮೆಯದಲ್ಲ.)

ಇನ್ನು ಅರ್ಕಾವತ್ತು. ಈ ಪ್ರಶ್ನೆ ಓದಿ ನನಗೆ ನಿಜಕ್ಕೂ ಸಂತೋಷವಾಯಿತು. ಇಷ್ಟು ಸೂಕ್ಷ್ಮವಾಗಿ ಯೋಚಿಸಿ ಬಿಡುಗಡೆ ಮಾಡುವವರು ನಮ್ಮ ಭಾಷೆಗೆ ಬೇಕು. ಯುನಿಕೋಡ್‌ನಲ್ಲಿ ‘ಸೂರ್ಯ’ದ ಕೊನೆಗೆ ಇರುವುದು ರ, ಹಲಂತ, ಯ. ‘ರ‍್ಯಾಂಕ್’ ಎಂಬುದರಲ್ಲಿ ರ ಆದ ಕೂಡಲೇ, ಹಲಂತಕ್ಕಿಂತ ಮೊದಲು, ಝೀರೋ ವಿಡ್ತ್ ಜಾಯಿನರ್ ಎಂಬ ಕಣ್ಣಿಗೆ ಕಾಣದ ಅಕ್ಷರವೊಂದು ಬರಬೇಕು. ಹಳೆಯ ಆಸ್ಕಿ ಫಾಂಟುಗಳಲ್ಲಿ ಅರ್ಕಾವತ್ತು ಬೇರೆ ಗುರುತು, ಯ ಒತ್ತು ಬೇರೆ ಗುರುತು, ಎರಡಕ್ಕೂ ಗೊಂದಲವಿಲ್ಲ. ನಿಮ್ಮ ತಂತ್ರಾಂಶ ಇವೆರಡನ್ನೂ ಒಂದೇ ಮಾಡುತ್ತಿತ್ತು. ಈಗ ಸರಿಯಾಗಿದೆ. ಆದರೆ ಯಾವುದೋ ಗ್ರಂಥಾಲಯ ನಿಮ್ಮ 0.8ರಿಂದ ತನ್ನ ಪುಸ್ತಕಗಳ ಸೂಚಿಯನ್ನು ಪರಿವರ್ತಿಸಿಕೊಂಡಿದೆ ಎನ್ನಿ. ಇನ್ನು ಮುಂದಿನ ಪುಸ್ತಕಗಳನ್ನು ಹೊಸ ಆವೃತ್ತಿಯಿಂದ ಸೇರಿಸುತ್ತದೆ. ‘ರ‍್ಯಾಂಕ್’ ಎಂದು ಹುಡುಕಿದರೆ ಅರ್ಧ ಪುಸ್ತಕಗಳು ಸಿಗುತ್ತವೆ, ಇನ್ನರ್ಧ ಸಿಗುವುದಿಲ್ಲ. ಅಲ್ಲಿ ಕುಳಿತವರಿಗೆ ಏಕೆಂದು ತಿಳಿಯುವುದೂ ಇಲ್ಲ.

‘ತಪ್ಪು ತಪ್ಪೇ, ತಿದ್ದಿದ್ದೇವೆ, ಕೊನೆಯ ಸಂಖ್ಯೆ ಸಾಕು’ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಪರಿವರ್ತಕದಿಂದ ಹೊರಬರುವ ಪಠ್ಯವೇ ಅದು ಕೊಡುವ ಮಾತು. ಪಠ್ಯ ಬದಲಾದರೆ ಮಾತು ಬದಲಾದಂತೆ. ನಿಮ್ಮ ಅದೃಷ್ಟಕ್ಕೆ 1.0.0 ಎದುರಿಗೇ ಇದೆ, ಈ ತಿದ್ದುಪಡಿಯನ್ನು ಅದರೊಳಗೆ ಸೇರಿಸಿಬಿಡಿ. ನಾಳೆ ಇಂಥದ್ದೇ ಇನ್ನೊಂದು ಸಿಕ್ಕರೆ, ಬೇಕಾದವರು ಆರಿಸಿಕೊಳ್ಳುವ ಆಯ್ಕೆಯಾಗಿ 1.1.0ರಲ್ಲಿ ಕೊಡಿ, ಎಲ್ಲರಿಗೂ ಅನ್ವಯಿಸುವುದು 2.0.0ರಲ್ಲಿ. ಜೊತೆಗಿಡುವ ಬದಲಾವಣೆಗಳ ಪಟ್ಟಿಯಾದ ಚೇಂಜ್‌ಲಾಗ್‌ನಲ್ಲಿ ‘ಹಲವು ದೋಷಗಳನ್ನು ಸರಿಪಡಿಸಲಾಗಿದೆ’ ಎಂಬ ಸಾಲು ಯಾರ ಉಪಯೋಗಕ್ಕೂ ಬಾರದು. ಹೀಗೆ ಬರೆಯಿರಿ: ‘ರ ಅಕ್ಷರಕ್ಕೆ ಯ ಒತ್ತು ಬಂದಲ್ಲಿ ಇನ್ನು ಮುಂದೆ ಅರ್ಕಾವತ್ತು ಮೂಡುವುದಿಲ್ಲ. ಹಿಂದಿನ ಆವೃತ್ತಿಗಳಲ್ಲಿ ಪರಿವರ್ತಿಸಿದ ಕಡತಗಳಲ್ಲಿ ಪದ ಹುಡುಕುವವರು ಅವನ್ನು ಮತ್ತೊಮ್ಮೆ ಪರಿವರ್ತಿಸಿಕೊಳ್ಳಬೇಕು.’ ಸೂರ್ಯ, ಧರ್ಮ, ಅರ್ಘ್ಯ, ರ‍್ಯಾಂಕ್ ಇಂಥ ಪದಗಳ ಒಂದು ಪರೀಕ್ಷಾ ಕಡತ ಇಟ್ಟುಕೊಂಡು ಪ್ರತಿ ಬಿಡುಗಡೆಗೆ ಮೊದಲು ಓಡಿಸಿ. ‘ಅರ್ಘ್ಯ’ವನ್ನು ಬಿಡಬೇಡಿ. ಅರ್ಕಾವತ್ತೂ ಯ ಒತ್ತೂ ಒಟ್ಟಿಗೆ ಬರುವ ಪದ ಅದು, ಪರಿವರ್ತಕಗಳು ಎಡವುವುದೇ ಅಲ್ಲಿ.

ಪ್ರಶ್ನೆ: ಹೊಸ ಆವೃತ್ತಿ ಬಿಟ್ಟು ಒಂದು ಗಂಟೆಯೊಳಗೆ ದೋಷ ಕಂಡಿತು. ಯಾರೂ ಇಳಿಸಿಕೊಂಡಿರಲಾರರು ಎಂದು ನನ್ನ ಜಾಲತಾಣದಲ್ಲಿದ್ದ ಕಡತವನ್ನು ಅದೇ ಸಂಖ್ಯೆಯಲ್ಲಿ ಬದಲಾಯಿಸಿ, ಮೂಲ ಸಂಕೇತದ ಬದಲಾವಣೆಗಳನ್ನು ದಾಖಲಿಸುವ ಗಿಟ್‌ನಲ್ಲಿ ಆ ಆವೃತ್ತಿಗೆ ಹಾಕಿದ ಟ್ಯಾಗ್ ಎಂಬ ಗುರುತನ್ನೂ ತಿದ್ದಿದ ಸಂಕೇತಕ್ಕೆ ಸರಿಸಿದೆ. ಬಳಕೆದಾರರೊಬ್ಬರು ಕೆರಳಿ ಕೆಂಡವಾಗಿದ್ದಾರೆ. ಅಂಥ ತಪ್ಪೇನಾಯಿತು?
– ಓದುಗರು, ವಾಸ್ಕೋ, ಗೋವಾ

ಉತ್ತರ: ಅವರ ಸಿಟ್ಟು ನ್ಯಾಯವಾದದ್ದು. ಅವರಿಗೆ ಉತ್ತರಿಸುವಾಗ ವಾದಿಸಬೇಡಿ, ಹೊಸ ಸಂಖ್ಯೆಯಲ್ಲಿ ಬಿಡುಗಡೆ ಮಾಡಿ ತಿಳಿಸಿ.

ಎಚ್ಚರವಿರುವ ಬಳಕೆದಾರರು ಕಡತದ ಜೊತೆಗೆ ಅದರ ಹ್ಯಾಶ್, ಎಂದರೆ ಬೆರಳಚ್ಚಿನಂಥ ಒಂದು ಗುರುತನ್ನು ಬರೆದಿಟ್ಟುಕೊಳ್ಳುತ್ತಾರೆ. ಹೆಸರು ಅದೇ, ಸಂಖ್ಯೆ ಅದೇ, ಗುರುತು ಮಾತ್ರ ಬೇರೆ ಎಂದರೆ ಯಾರೋ ಒಳಗೆ ಕೈಯಾಡಿಸಿದ್ದಾರೆ ಎಂದೇ ಅವರು ಭಾವಿಸಬೇಕು. ಅದು ಅತಿಯಾದ ಅನುಮಾನವಲ್ಲ. 2024ರ ಮಾರ್ಚ್‌ನಲ್ಲಿ ಎಕ್ಸ್‌ಜೆಡ್ ಎಂಬ ಕಡತ ಕುಗ್ಗಿಸುವ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು, ಎಂದರೆ ಕದ್ದು ಒಳನುಗ್ಗುವ ದಾರಿ, ಪತ್ತೆಯಾಯಿತು. ಅದನ್ನು ಎಬ್ಬಿಸುವ ಮುಖ್ಯ ತುಣುಕು ಎಲ್ಲರೂ ನೋಡುವ ಗಿಟ್ ಭಂಡಾರದಲ್ಲಿ ಇರಲೇ ಇಲ್ಲ, ಬಳಕೆದಾರರು ಇಳಿಸಿಕೊಳ್ಳುವ ಬಿಡುಗಡೆಯ ಕಟ್ಟಿನಲ್ಲಿ ಮಾತ್ರ ಇತ್ತು. ದೂರದ ಕಂಪ್ಯೂಟರಿಗೆ ಲಾಗಿನ್ ಆಗಲು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಬೆನ್ನುಹತ್ತಿದ್ದರಿಂದ ಜಗತ್ತು ಬದುಕಿಕೊಂಡಿತು. ಅಂದಿನಿಂದ ಭಂಡಾರವನ್ನೂ ಕಟ್ಟನ್ನೂ ತಾಳೆ ನೋಡುವವರು ಹೆಚ್ಚಿದ್ದಾರೆ.

ತಂತ್ರಾಂಶ ಹಂಚುವ ತಾಣಗಳಾದ ಪೈಪಿಐ ಆಗಲಿ ಎನ್‌ಪಿಎಂ ಆಗಲಿ ಒಮ್ಮೆ ಬಳಸಿದ ಸಂಖ್ಯೆಯಲ್ಲಿ ಬೇರೆ ಕಡತ ಹಾಕಲು ಬಿಡುವುದೇ ಇಲ್ಲ. ಪೈಪಿಐಯಲ್ಲಿ ಕೆಟ್ಟ ಆವೃತ್ತಿಯನ್ನು ‘ಯಾಂಕ್’ ಮಾಡಬಹುದು: ಅದೇ ಸಂಖ್ಯೆಯನ್ನು ಹೆಸರಿಸಿ ಕೇಳಿದವರಿಗೆ ಸಿಗುತ್ತದೆ, ಉಳಿದವರ ಕಂಪ್ಯೂಟರ್ ಅದನ್ನು ಬಿಟ್ಟು ಬೇರೆ ಆವೃತ್ತಿಗೆ ಹೋಗುತ್ತದೆ. ಸಂಖ್ಯೆ ಪೋಲಾಯಿತೆಂಬ ಸಂಕೋಚ ಬೇಡ. 2021ರ ಡಿಸೆಂಬರ್‌ನಲ್ಲಿ ಸರ್ವರುಗಳ ಆಗುಹೋಗು ದಾಖಲಿಸುವ ಲಾಗ್4ಜೆ ತಂತ್ರಾಂಶದ ತಂಡ ಒಂದು ಭೀಕರ ಭದ್ರತಾ ಲೋಪ ಮುಚ್ಚಲು 2.15.0 ಬಿಟ್ಟಿತು. ಅದು ಪೂರ್ತಿ ಮುಚ್ಚಲಿಲ್ಲ. ಅದೇ ತಿಂಗಳಲ್ಲಿ 2.16.0, 2.17.0, 2.17.1 ಬಂದವು. ಯಾವುದರಲ್ಲಿ ಏನು ಉಳಿದಿತ್ತು ಎಂದು ಪ್ರತಿಯೊಬ್ಬ ಆಡಳಿತಗಾರನಿಗೂ ಸ್ಪಷ್ಟವಾಗಿ ಗೊತ್ತಾಯಿತು. ಎಲ್ಲವನ್ನೂ 2.15.0 ಎಂಬ ಹೆಸರಿನಲ್ಲೇ ಬದಲಿಸುತ್ತ ಹೋಗಿದ್ದರೆ ಯಾರ ಸರ್ವರ್ ಸುರಕ್ಷಿತ ಎಂದು ಹೇಳುವವರು ಯಾರಿರುತ್ತಿದ್ದರು?

ಪ್ರಶ್ನೆ: ಹಳೆಯ ಆವೃತ್ತಿಗಳನ್ನು ಎಷ್ಟು ಕಾಲ ನೋಡಿಕೊಳ್ಳಬೇಕು?
– ಓದುಗರು, ಪಿಂಪ್ರಿ

ಉತ್ತರ: ಎಷ್ಟು ಕಾಲ ಎನ್ನುವುದಕ್ಕಿಂತ, ಕೊನೆಯ ದಿನವನ್ನು ಮೊದಲೇ ಹೇಳುವುದು ಮುಖ್ಯ. ಪೈಥಾನ್ 2ರ ಗಡುವು ಮೊದಲು 2015 ಇತ್ತು. ಜನ ಇನ್ನೂ ಬಿಡಲಾರದೆ ಇದ್ದುದರಿಂದ 2020ರ ಜನವರಿ 1ಕ್ಕೆ ಮುಂದೂಡಿ, ಬಹಳ ವರ್ಷ ಸಾರುತ್ತ ಬಂದು ನಿಲ್ಲಿಸಿದರು. ಲಿನಕ್ಸ್ ಆಧಾರಿತ ಉಬುಂಟು ಎರಡು ವರ್ಷಕ್ಕೊಮ್ಮೆ ಏಪ್ರಿಲ್‌ನಲ್ಲಿ ಬಿಡುವ ದೀರ್ಘಾವಧಿ ಆವೃತ್ತಿಗೆ ಐದು ವರ್ಷ ಕೊಡುತ್ತದೆ, ಬಿಡುಗಡೆಯಾದದ್ದು ಎಂದು ಎಂಬುದು 24.04 (2024ರ ಏಪ್ರಿಲ್) ಎಂಬಂಥ ಸಂಖ್ಯೆಯಲ್ಲೇ ಇರುತ್ತದೆ. ನೀವು ಒಬ್ಬರೇ ಆಗಿದ್ದರೆ ಇತ್ತೀಚಿನದನ್ನು ಮಾತ್ರ ನೋಡಿಕೊಳ್ಳಿ. ಹಿಂದಿನ ದೊಡ್ಡ ಆವೃತ್ತಿಗೆ ಭದ್ರತಾ ತಿದ್ದುಪಡಿಗಳು ಒಂದು ವರ್ಷ ಸಾಕು. ತಂತ್ರಾಂಶದ ಪರಿಚಯ ಕೊಡುವ ರೀಡ್‌ಮಿ ಕಡತದ ಮೇಲ್ಭಾಗದಲ್ಲೇ ಬರೆದಿಡಿ.

ಪ್ರಶ್ನೆ: ನನ್ನ ಮಗ ಕಚೇರಿಯಿಂದ ಬಂದವನು ರಾತ್ರಿಯೆಲ್ಲ ಯಾವುದೋ ಉಚಿತ ತಂತ್ರಾಂಶದ ಕೆಲಸಕ್ಕೆ ಕೂರುತ್ತಾನೆ. ಕಾಸಿಲ್ಲ. ಯಾರು ಯಾರೋ ‘ಇನ್ನೂ ಹೊಸದು ಏಕೆ ಬರಲಿಲ್ಲ’ ಎಂದು ಬೈದು ಬರೆಯುತ್ತಾರೆ, ಅವನು ಊಟ ಬಿಡುತ್ತಾನೆ. ಹೇಗೆ ತಿಳಿಹೇಳಲಿ?
– ಒಬ್ಬ ತಾಯಿ, ಮಾಟುಂಗಾ

ಉತ್ತರ: ಅಕ್ಕಾ, ಅವನು ಮಾಡುತ್ತಿರುವುದು ಒಳ್ಳೆಯ ಕೆಲಸ. ನಿಮ್ಮ ಮೊಬೈಲಿನಲ್ಲಿ, ಬ್ಯಾಂಕಿನಲ್ಲಿ ಇಂಥವರ ದುಡಿಮೆ ಸೇರಿಕೊಂಡಿದೆ. ಆದರೆ ನಿಮ್ಮ ಆತಂಕವೂ ಖರೆ. ಮೇಲೆ ಹೇಳಿದ ಎಕ್ಸ್‌ಜೆಡ್ ತಂತ್ರಾಂಶವನ್ನು ಬಹುಕಾಲ ಒಬ್ಬರೇ ಬಿಡುವಿನ ವೇಳೆಯಲ್ಲಿ ನೋಡಿಕೊಳ್ಳುತ್ತಿದ್ದರು. ಬಿಡುಗಡೆ ತಡವಾಯಿತೆಂದು ಅಪರಿಚಿತರು ಅವರ ಮೇಲೆ ಒತ್ತಡ ಹಾಕಿದರು. ಅದೇ ಹೊತ್ತಿಗೆ ಸಹಾಯಕ್ಕೆ ಬಂದಂತೆ ಬಂದು, ವರ್ಷಗಟ್ಟಲೆ ನಂಬಿಕೆ ಗಳಿಸಿ, ಬಿಡುಗಡೆಯ ಅಧಿಕಾರ ಪಡೆದ ಹೆಸರಿನಿಂದಲೇ ಆ ಹಿಂಬಾಗಿಲು ಒಳಗೆ ಬಂತು. ದಣಿದವರನ್ನು ಅವಸರಪಡಿಸಿದರೆ ಇಡೀ ಜಗತ್ತಿಗೆ ಕುತ್ತು ಬರುತ್ತದೆ ಎಂದು ಬೈಯುವವರಿಗೆ ಯಾರಾದರೂ ಹೇಳಬೇಕು.

ಮಗನಿಗೆ ಈ ಪುಟ ತೋರಿಸಿ. ನಾನು ನೋಡಿಕೊಳ್ಳುವ ಕನ್ನಡ ಅಕಾರಾದಿ ಜೋಡಣೆಯ ತಂತ್ರಾಂಶದ ರೀಡ್‌ಮಿಯಲ್ಲಿ ಹೀಗಿದೆ: ಬಿಡುಗಡೆ ಮೂರು ತಿಂಗಳಿಗೊಮ್ಮೆ, ಶನಿವಾರ ಬೆಳಿಗ್ಗೆ; ಗಣೇಶೋತ್ಸವದ ಹತ್ತು ದಿನ ಯಾವ ಬಿಡುಗಡೆಯೂ ಇಲ್ಲ, ಪತ್ರಕ್ಕೆ ಉತ್ತರವೂ ಇಲ್ಲ; ಭದ್ರತಾ ಲೋಪಕ್ಕೆ ಮಾತ್ರ ಕಾಯುವುದಿಲ್ಲ. ಬಿಟ್ಟ ಮೇಲೆ ಕೋತ್ರೂಡ್‌ನ ನಮ್ಮ ಮನೆಯಲ್ಲಿರುವ ಹಳೆಯ ಲ್ಯಾಪ್‌ಟಾಪಿಗೆ, ಮೂಲ ಸಂಕೇತ ಎಂದೂ ಕಾಣದ ಯಂತ್ರಕ್ಕೆ, ಹೊರಗಿನವರಂತೆ ಇಳಿಸಿಕೊಂಡು ಓಡಿಸಿ ನೋಡುತ್ತೇನೆ. ಅದು ಓಡಿದರೆ ಆ ದಿನದ ಕೆಲಸ ಮುಗಿಯಿತು. ಬಿಡುಗಡೆಯ ಕೀಲಿ ಇನ್ನೊಬ್ಬರ ಬಳಿಯೂ ಇದೆ. ಅವರನ್ನು ನಾನು ಕಣ್ಣಾರೆ ಕಂಡಿದ್ದೇನೆ, ಅವರ ಬದಲಾವಣೆಗಳನ್ನು ನಾನು ಓದುತ್ತೇನೆ, ನನ್ನವನ್ನು ಅವರು ಓದುತ್ತಾರೆ. ನಿಮ್ಮ ಮಗನೂ ಅಂಥ ಒಬ್ಬರನ್ನು ಈ ವರ್ಷವೇ ಹುಡುಕಿಕೊಳ್ಳಲಿ, ಬಿಡುಗಡೆಯ ದಿನಗಳನ್ನು ಮೊದಲೇ ಪ್ರಕಟಿಸಲಿ. ಬೈದು ಬರೆದವರಿಗೆ ಆ ದಿನಾಂಕದ ಕೊಂಡಿಯನ್ನು ಕಳುಹಿಸಿ ಊಟಕ್ಕೆ ಏಳಲಿ.