ನುಂಗಿದ್ದೆಲ್ಲ ಉಳಿಯುವುದಿಲ್ಲ

ಪ್ರಶ್ನೆ: ಹವಳದ ಬಣ್ಣಕ್ಕೂ ಹೊಟ್ಟೆಪಾಡಿಗೂ ಮೈಯೊಳಗಿನ ಪಾಚಿಯೇ ಆಧಾರವಂತೆ. ಅದು ಹುಟ್ಟುವಾಗಲೇ ಇರುತ್ತದೋ, ಆಮೇಲೆ ಸೇರಿಕೊಳ್ಳುತ್ತದೋ?

ಉತ್ತರ: ಎರಡೂ ಉಂಟು. ಮಾಂಟಿಪೋರಾದಂಥ ಹವಳಗಳಲ್ಲಿ ತಾಯಿ ಮೊಟ್ಟೆಯೊಳಗೇ ಪಾಚಿ ತುಂಬಿ ಕಳಿಸುತ್ತದೆ. ಮೊಟ್ಟೆ, ವೀರ್ಯಾಣುಗಳನ್ನು ನೀರಿಗೆ ಬಿಡುವ ಹವಳಗಳಲ್ಲಿ ಹೆಚ್ಚಿನವು ಹಾಗಲ್ಲ. ಅಕ್ರೋಪೋರಾ ಹವಳದ ಲಾರ್ವಾಗಳು (ಈಜಾಡುವ ಎಳೆಯ ಮರಿಗಳು) ಬರಿಗೈಯಲ್ಲೇ ಹೊರಡುತ್ತವೆ. ನೀರಿನಲ್ಲೋ ತಳದ ಮರಳಿನಲ್ಲೋ ಸಿಕ್ಕ ಪಾಚಿಯನ್ನು ನುಂಗಬೇಕು. ಹವಳ ಮೇಯುವ ಮೀನುಗಳ ಹಿಕ್ಕೆಯಲ್ಲೂ ಜೀವಂತ ಪಾಚಿ ಇರುತ್ತದೆ.

ನುಂಗುವುದು ಸುಲಭ, ಉಳಿಸಿಕೊಳ್ಳುವುದೇ ಕಷ್ಟ. ಸುಮಾರು 10 ಮೈಕ್ರೋಮೀಟರ್ ಅಗಲದ ಪಾಚಿಯ ಕಂದು ಗುಂಡು ಬಾಯಿಯಿಂದ ಒಳಹೊಕ್ಕರೆ, ಕರುಳಿನ ಒಳಪದರದ ಜೀವಕೋಶ ಅದನ್ನು ಆವರಿಸಿ ಪೊರೆಯ ಚೀಲದಲ್ಲಿ ಕಟ್ಟಿಡುತ್ತದೆ. ಮಾಮೂಲಿ ತುತ್ತಾಗಿದ್ದರೆ ಆ ಚೀಲಕ್ಕೆ ಜೀರ್ಣರಸ ಸುರಿಯುತ್ತಿತ್ತು. ಪಾಚಿಯ ಹೊರಕವಚದ ಸಕ್ಕರೆ ಅಣುಗಳನ್ನು ಹವಳದ ಲೆಕ್ಟಿನ್ ಪ್ರೋಟೀನುಗಳು ಗುರುತು ಹಿಡಿಯುತ್ತವೆ. ಒಗ್ಗಿದ ಪಾಚಿ ಅಲ್ಲೇ ಬೀಡುಬಿಟ್ಟು ಇಬ್ಭಾಗವಾಗುತ್ತ ಬೆಳೆಯುತ್ತದೆ. ಒಗ್ಗದ್ದನ್ನು ಕೋಶ ಎಷ್ಟೋ ಸಲ ಜೀವಂತವಾಗಿಯೇ ಉಗುಳಿಬಿಡುತ್ತದೆ.

ಪ್ರಶ್ನೆ: ಪ್ರಯೋಗಾಲಯದಲ್ಲಿ ಮೂರು ದಿನದ ಅಕ್ರೋಪೋರಾ ಲಾರ್ವಾಗಳಿಗೆ ಪಾಚಿ ಹಾಕಿದೆವು. ಒಂದೂ ಕಂದು ಬಣ್ಣಕ್ಕೆ ತಿರುಗಲಿಲ್ಲ. ತಪ್ಪೆಲ್ಲಿ?

ಉತ್ತರ: ಬಾಯಿಯೇ ತೆರೆದಿರಲಿಕ್ಕಿಲ್ಲ. 27 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಅದಕ್ಕೆ ನಾಲ್ಕೈದು ದಿನ ಹಿಡಿಯುತ್ತದೆ, ನೀರು ತಂಪಾದಷ್ಟೂ ತಡ. ಸೂಕ್ಷ್ಮದರ್ಶಕದಲ್ಲಿ ಲಾರ್ವಾದ ಒಂದು ತುದಿಯಲ್ಲಿ ಕುಳಿ ಕಂಡ ಮೇಲೆ, 1 ಮೈಕ್ರೋಮೀಟರ್ ಜಾಲರಿಯಲ್ಲಿ ಸೋಸಿದ ಸಮುದ್ರದ ನೀರಿಗೆ ಬಿಟ್ಟು, ಮಿಲಿಲೀಟರಿಗೆ 10,000ದಿಂದ 1,00,000 ಕೋಶಗಳಂತೆ ಪಾಚಿ ಬೆರೆಸಿ. ಅರೆದ ಆರ್ಟೀಮಿಯಾ (ಉಪ್ಪುನೀರಿನ ಪುಟ್ಟ ಸಿಗಡಿಯಂಥ ಜೀವಿ) ಹನಿಸಿದರೆ ನುಂಗುವ ಹುರುಪು ಹೆಚ್ಚುತ್ತದೆ, ನೀರು ಕೆಡುವುದೂ ಬೇಗ. ಕೆಲವು ಗಂಟೆಗಳಲ್ಲೇ ನೀರು ಬದಲಿಸಿ, ಸತ್ತ ಲಾರ್ವಾಗಳನ್ನು ಪಿಪೆಟ್ಟಿನಿಂದ ತೆಗೆದುಬಿಡಿ. ಅವುಗಳ ಕೊಬ್ಬು ಉಳಿದವನ್ನೂ ಕೊಲ್ಲುತ್ತದೆ.

ಅದೇ ದಿನ ಎಣಿಸಬೇಡಿ. ಹೊಟ್ಟೆಯಲ್ಲಿ ತೇಲುವ ಪಾಚಿಯನ್ನೂ ಲೆಕ್ಕಕ್ಕೆ ಹಿಡಿದು ಮೋಸಹೋಗುತ್ತೀರಿ. ತೊಳೆದು ಒಂದು ದಿನ ಸೋಸಿದ ನೀರಿನಲ್ಲಿಟ್ಟು, ಪ್ರತಿದೀಪ್ತಿ ಸೂಕ್ಷ್ಮದರ್ಶಕದಲ್ಲಿ ನೋಡಿ: ಪಾಚಿಯ ಕ್ಲೋರೋಫಿಲ್ ಕೆಂಪಗೆ ಹೊಳೆಯುತ್ತದೆ. ಆಗಲೂ ಬರಿದಾಗಿದ್ದರೆ ಪಾಚಿಯ ತಳಿಯನ್ನೇ ಅನುಮಾನಿಸಿ. ವರ್ಷಗಟ್ಟಲೆ ಫ್ಲಾಸ್ಕಿನಲ್ಲಿ ಬೆಳೆದ ತಳಿಗಳಲ್ಲಿ ಎಷ್ಟೋ ಹವಳಕ್ಕೆ ಒಗ್ಗುವುದಿಲ್ಲ.

ಪ್ರಶ್ನೆ: ಬಿಸಿ ತಾಳುವ ಪಾಚಿಯನ್ನೇ ಎಲ್ಲ ಮರಿಗಳಿಗೂ ಕೊಡಬಾರದೇಕೆ?

ಉತ್ತರ: ಬಿಸಿ ತಾಳುವ ಡ್ಯುರುಸ್ಡಿನಿಯಂ ಪಾಚಿ ಇರುವ ಹವಳ 1ರಿಂದ 1.5 ಡಿಗ್ರಿ ಹೆಚ್ಚು ಬಿಸಿ ತಾಳಬಲ್ಲದು. (2018ಕ್ಕೆ ಮುಂಚಿನ ಲೇಖನಗಳಲ್ಲಿ ಇದನ್ನೇ ‘ಕ್ಲೇಡ್ ಡಿ’ ಎಂದು ಹುಡುಕಿ.) ಆದರೆ ಅದು ಹವಳಕ್ಕೆ ಕೊಡುವ ಆಹಾರ ಸಾಮಾನ್ಯವಾಗಿ ಕಡಿಮೆ, ಕ್ಲಾಡೋಕೋಪಿಯಂ ಎಂಬ ಇನ್ನೊಂದು ಬಗೆಯ ಪಾಚಿ ಇರುವ ಮರಿಗಳು ಬೇಗ ದೊಡ್ಡವಾಗುತ್ತವೆ. ತೀರಾ ಸಣ್ಣ ಮರಿಗಳನ್ನು ಬಂಡೆಯ ಮೇಲೆ ಬೆಳೆಯುವ ಬೇರೆ ಪಾಚಿಗಳು ಮುಚ್ಚಿಹಾಕುವ, ಮೀನುಗಳು ಕೆರೆದು ತಿನ್ನುವ ಅಪಾಯ ಹೆಚ್ಚು. ಅಲ್ಲದೆ ಕೊಟ್ಟದ್ದೇ ಉಳಿಯುವ ಖಾತ್ರಿಯೂ ಇಲ್ಲ: ಮರಿಗಳು ಮೊದಲು ನಾಲ್ಕಾರು ಬಗೆ ಕೂಡಿಸಿಕೊಂಡು, ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಆರಿಸಿ ಬಿಸಾಡುತ್ತವೆ.